ಹುಳುಮನೆಯ ಬಾಗಿಲು

ಸುಗಟೂರಿನ ಮುನಿರಾಮಪ್ಪನ ಮನೆಗೆ ಬೀದಿಯ ಕಡೆ ಒಂದೇ ಬಾಗಿಲು. ಮನೆಯ ಮುಂಭಾಗದ ಉದ್ದನೆಯ ಅಂಕಣವೇ ಹುಳುಮನೆ. ಅದನ್ನು ದಾಟಿದರೆ ಅಡುಗೆಮನೆ, ದೇವರಮನೆ, ಹಿತ್ತಿಲು. ರೇಷ್ಮೆಹುಳ ಮೇಯುತ್ತಿರುವ ದಿನಗಳಲ್ಲಿ ಹೊಸಲಿನ ಹೊರಗೆ, ಚಪ್ಪಡಿಯ ಪಕ್ಕದಲ್ಲಿ, ಒಂದು ಅಗಲವಾದ ತಗಡಿನ ತಟ್ಟೆ ಇರುತ್ತದೆ. ಅದರಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರು. ಯಾರೇ ಆಗಲಿ ಚಪ್ಪಲಿ ಬಿಟ್ಟು, ಆ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದುಕೊಂಡೇ ಒಳಗೆ ಹೋಗಬೇಕು. ಬೀಡಿ ಸೇದಿದವರು, ಸೆಂಟು ಪೌಡರು ಬಳಿದುಕೊಂಡವರು ಬರುವಂತಿಲ್ಲ. ಹೊರಗಿನವರಂತೂ ಬರುವಂತೆಯೇ ಇಲ್ಲ. ಇನ್ನೊಂದು ಮನೆಯ ಹುಳದ ರೋಗ ಯಾರ ಕಾಲಿಗೆ ಅಂಟಿಕೊಂಡು ಬಂದೀತೋ, ಯಾರ ಕಣ್ಣು ಎಂಥದ್ದೋ. ನೆಂಟರು ಬಂದರೂ ಜಗಲಿಯ ಮೇಲೇ ಚಾಪೆ, ಜಗಲಿಯ ಮೇಲೇ ಊಟ. ಹುಳ ಸಾಕುವ ಊರಿನಲ್ಲಿ ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಅದಕ್ಕೇ ಇರಬೇಕು, ಮೂರು ವರ್ಷದ ಹಿಂದೆ ಯುಗಾದಿ ಕಳೆದ ವಾರ, ಒಬ್ಬಳೇ ಮಗಳು ಶ್ರೀವಾಣಿ ತಾನು ರಿಜಿಸ್ಟರ್ ಮದುವೆಯಾದ ಗಂಡನನ್ನು ಕರೆದುಕೊಂಡು ಬಂದಾಗ, ಮುನಿರಾಮಪ್ಪನ ಬಾಯಿಗೆ ಬಂದದ್ದು ಹುಳದ ಮಾತು.

ಬಂದವನು ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ, ಗುಂಗುರು ಕೂದಲಿನ, ತೀರ ಕಪ್ಪು ಮೈಯ ಯುವಕ. ಹೆಸರು ಬರಾಕಾ. ಊರು ಆಫ್ರಿಕಾದ ತಾಂಜಾನಿಯಾ. ಬೆಂಗಳೂರಿನಲ್ಲಿ ಶ್ರೀವಾಣಿ ಲ್ಯಾಬ್ ಟೆಕ್ನಿಶಿಯನ್ ಓದುತ್ತಿದ್ದ ಕಾಲೇಜಿನಲ್ಲೇ ಅವನು ಗಣಿತದ ಎಂ.ಎಸ್ಸಿ. ಮಾಡುತ್ತಿದ್ದ. ಕೈಯಲ್ಲಿ ಮೈಸೂರುಪಾಕಿನ ಡಬ್ಬಿ, ಮೋಸಂಬಿಯ ಚೀಲ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಬೀದಿಯ ಮಕ್ಕಳೆಲ್ಲ ಹಿಂದೆ ಬಂದು ನಿಂತಿದ್ದವು.

ಜಗಲಿಯ ಮೇಲೆ ಆವತ್ತು ಮುನಿರಾಮಪ್ಪನ ಹೆಂಡತಿ ಮುತ್ಯಾಲಮ್ಮನ ತಮ್ಮ, ಶ್ರೀನಿವಾಸಪುರದ ಅಮರನಾಥ್ ಕೂತಿದ್ದ. ಶ್ರೀವಾಣಿ ತೊಟ್ಟಿಲಲ್ಲಿದ್ದಾಗಲೇ ಇವಳು ನನ್ನ ಮಗ ನರೇಶನಿಗೆ ಎಂದವನು ಅವನು. ಸುದ್ದಿ ತಿಳಿದು ಬೆಳಿಗ್ಗೆಯೇ ಬಂದು ಕೂತು ತೆಲುಗಿನಲ್ಲೂ ಕನ್ನಡದಲ್ಲೂ ಒಂದೇ ಮಾತನ್ನು ತಿರುತಿರುಗಿ ಹೇಳುತ್ತಿದ್ದ. "ಏಂ ಬಾವಾ, ಜಾತಿ ಬೇರೆ ಅಂದ್ರೆ ಹೆಂಗೋ ನುಂಗ್ಕೋಬಹುದಿತ್ತು. ಇದು ದೇಶಾನೇ ಬೇರೆ, ಬಣ್ಣಾನೇ ಬೇರೆ. ನಾಳೆ ಹುಟ್ಟೋ ಕೂಸನ್ನ ಎತ್ಕೊಂಡು ಯಾವ ಮದುವೆ ಮನೆಗೆ ಹೋಗ್ತೀಯ? ಅವ್ನು ಈ ಹೊಸ್ಲು ದಾಟಿದ್ರೆ ನಾನು ದಾಟಲ್ಲ. ಪೋನಿ, ನಿನ್ನಿಷ್ಟ."

ಬರಾಕಾ ಚಪ್ಪಡಿಯ ಬಳಿ ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದ. ಮುನಿರಾಮಪ್ಪ ಬಾಗಿಲಿಗೆ ಅಡ್ಡ ನಿಂತು, ಹಿಂದಿನಿಂದ ಕದವನ್ನು ಎಳೆದುಕೊಂಡ.

"ಒಳಗೆ ಹುಳ ಐತೆ. ಹೊರಗಿನವ್ರು ಬರಂಗಿಲ್ಲ."

ಹುಳುಮನೆಯಲ್ಲಿ ಆವತ್ತು ಒಂದು ಹುಳವೂ ಇರಲಿಲ್ಲ. ಹಿಂದಿನ ವಾರವೇ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿಯಾಗಿತ್ತು. ಹುಳ ಮೇಯಿಸುವ ಅಟ್ಟಣೆಗಳನ್ನು ತೊಳೆದು ಬಿಸಿಲಿಗೆ ಒಣಗಿಸಿ, ಗೋಡೆಗೆ ಸುಣ್ಣ ಹೊಡೆಸಿಯಾಗಿತ್ತು, ಮುಂದಿನ ಬೆಳೆಗೆ ಇನ್ನೂ ಹತ್ತು ದಿನ ಇತ್ತು. ಹೊಸಲಿನ ಹೊರಗಿನ ತಟ್ಟೆ ಒಣಗಿ, ಅದರಲ್ಲಿ ಒಂದೆರಡು ಬೇವಿನೆಲೆ ಬಿದ್ದಿದ್ದವು. ಶ್ರೀವಾಣಿ ಆ ತಟ್ಟೆಯನ್ನು ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು. ಆ ಹುಳುಮನೆಯಲ್ಲೇ ಸೊಪ್ಪು ಹಾಕಿ ಬೆಳೆದವಳು ಅವಳು.

ಅವಳು ಜಗಳ ಆಡಲಿಲ್ಲ. ಗಂಡನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅವನು ತಟ್ಟನೆ ಕಾಲು ಹಿಂದಕ್ಕೆ ತೆಗೆದುಕೊಂಡು, ಏನೋ ದೊಡ್ಡ ತಪ್ಪು ಮಾಡಿದವನ ಹಾಗೆ ಎರಡೂ ಕೈ ಮುಗಿದು, ಬೂಟಿನ ದಾರ ಮತ್ತೆ ಕಟ್ಟಿಕೊಂಡ. ಮುತ್ಯಾಲಮ್ಮ ತಂದ ನೀರನ್ನು ಬೀದಿಯಲ್ಲೇ ನಿಂತು ಕುಡಿದರು. ಹನ್ನೆರಡೂವರೆಯ ಬಸ್ಸಿಗೆ ಹೋದರು.

ಅದಾದ ಮೇಲೆ ಮಗಳು ಬಂದಿರಲಿಲ್ಲ.

ಅವಳೇನು ಸಮುದ್ರದಾಚೆ ಇರಲಿಲ್ಲ. ಮಾಲೂರಿನಲ್ಲಿ ಇದ್ದಳು. ಗಂಡ ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ, ಅವಳು ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಸುಗಟೂರಿನಿಂದ ಕೋಲಾರಕ್ಕೆ ಒಂದು ಬಸ್ಸು, ಅಲ್ಲಿಂದ ಮಾಲೂರಿಗೆ ಇನ್ನೊಂದು. ಬೆಳಿಗ್ಗೆ ಹಸು ಕರೆದು ಹೊರಟರೆ ಸಂಜೆ ಹಸು ಕರೆಯುವ ಹೊತ್ತಿಗೆ ವಾಪಸು ಬಂದುಬಿಡಬಹುದು. ಒಂದು ಸಲ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಮುನಿರಾಮಪ್ಪ ಮಾಲೂರಿನ ಬಸ್ಸಿನ ಪಕ್ಕದಲ್ಲಿ ನಿಂತಿದ್ದ. ಕೈಯಲ್ಲಿ ಎರಡು ಕೆ.ಜಿ. ಹುರುಳಿಕಾಯಿ, ಹೊಲದ್ದು. "ಏನ್ ಯಜಮಾನ್ರೇ, ಹತ್ತಿ, ಹೊರಡ್ತದೆ," ಎಂದ ಕಂಡಕ್ಟರು. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಹುರುಳಿಕಾಯಿಯನ್ನು ಅಲ್ಲೇ ಹೂ ಮಾರುವವಳಿಗೆ ಕೊಟ್ಟು ಊರಿಗೆ ಬಂದ. ಹೋಗಿ ಏನು ಹೇಳಬೇಕು? ಒಂದೇ ಒಂದು ಮಾತು ಹೇಳಬೇಕಿತ್ತು. ಆವತ್ತು ಹುಳ ಇರಲಿಲ್ಲ ಎನ್ನುವ ಮಾತು. ಅದನ್ನು ನುಂಗಿಕೊಂಡು ಹುರುಳಿಕಾಯಿ ಕೊಟ್ಟು ಬರುವುದು ಅವನಿಗೆ ಆಗಲಿಲ್ಲ.

ದಿನವೂ ಸಂಜೆ ನಾಲ್ಕರ ಹೊತ್ತಿಗೆ ಮುತ್ಯಾಲಮ್ಮ ಹಿಪ್ಪುನೇರಳೆ ತೋಟಕ್ಕೆ ಹೋಗಿ ಬದುವಿನ ಮೇಲೆ ಕೂತು ಮಗಳಿಗೆ ಫೋನು ಮಾಡುತ್ತಿದ್ದಳು. ಗಂಡನಿಗೆ ಗೊತ್ತಾಗದ ಹಾಗೆ ಎನ್ನುವುದು ಲೆಕ್ಕ. ಮುನಿರಾಮಪ್ಪ ಅದೇ ಹೊತ್ತಿಗೆ ಮೂರು ಸಾಲು ಆಚೆ ಕುಡುಗೋಲು ಹಿಡಿದು ಸೊಪ್ಪು ಕುಯ್ಯುವುದು ಇನ್ನೊಂದು ಲೆಕ್ಕ. ಮುತ್ಯಾಲಮ್ಮನ ಕಿವಿಗೆ ಏನೂ ಆಗಿರಲಿಲ್ಲ. ಆದರೂ ಅವಳು ಸ್ಪೀಕರ್ ಹಾಕಿ ಫೋನನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು.

"ಊಟ ಆಯ್ತಾ ತಲ್ಲಿ?"

"ಆಯ್ತಮ್ಮ. ಮುದ್ದೆ ಮಾಡಿದ್ದೆ."

"ಅವ್ನು ತಿಂತಾನಾ ಮುದ್ದೆ?"

"ಅವರ ಊರಲ್ಲೂ ಇಂಥದ್ದೇ ಮಾಡ್ತಾರಂತೆ, ಮುಸುಕಿನ ಜೋಳದ ಹಿಟ್ಟಲ್ಲಿ. ನಾನು ಮಾಡೋದು ಗಂಟಾಗ್ತದೆ ಅಂತ ನಗ್ತಾನೆ. ನೀನೇ ತಿರುವು ಅಂತ ಕೋಲು ಕೊಟ್ಟೆ. ನನಗಿಂತ ಚೆನ್ನಾಗಿ ತಿರುವ್ತಾನೆ ಕಣಮ್ಮ."

ಕುಡುಗೋಲಿನ ಸದ್ದು ಅಲ್ಲಿಗೆ ನಿಲ್ಲುತ್ತಿತ್ತು. ಮಾತು ಮುಗಿದು ಫೋನು ಕಟ್ಟಾದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಮುತ್ಯಾಲಮ್ಮ ಎಷ್ಟೋ ಸಲ ಕೇಳಿದ್ದಳು, ನೀನೊಬ್ಬಳಾದರೂ ಬಂದು ಹೋಗೇ ಎಂದು. ಶ್ರೀವಾಣಿಯದು ಒಂದೇ ಉತ್ತರ. "ಕರೆದ್ರೆ ಇಬ್ಬರನ್ನೂ ಕರಿ. ಅದೂ ನೀನಲ್ಲ, ಅಪ್ಪ ಕರೀಬೇಕು."

ಈ ನಡುವೆ ಅಮರನಾಥನ ಮಗ ನರೇಶ ಮುಳಬಾಗಿಲಿನ ಹುಡುಗಿಯನ್ನು ಮದುವೆಯಾದ. ಹೊಸಲಿನ ಮಾತಾಡಿದ್ದ ಅಮರನಾಥ್ ವರ್ಷಕ್ಕೊಮ್ಮೆಯೂ ಈ ಕಡೆ ತಲೆ ಹಾಕಲಿಲ್ಲ. ಊರು ಕೂಡ ಆಡುವಷ್ಟು ಆಡಿ ಸುಮ್ಮನಾಯಿತು. ಪಕ್ಕದ ಮನೆಯ ಚಿಕ್ಕಗಂಗಮ್ಮನಂತೂ ಎದುರೇ ಹೇಳಿದ್ದಳು. "ಅಲ್ಲ ಮುನಿರಾಮಣ್ಣ, ಬಿಸಿಲಲ್ಲಿ ಸೊಪ್ಪು ಕುಯ್ದು ಕುಯ್ದು ನೀನೇನು ಕಮ್ಮಿ ಕಪ್ಪಾಗಿದೀಯಾ? ಮಾವ ಅಳಿಯ ಪಕ್ಕಪಕ್ಕ ನಿಂತ್ರೆ ಯಾರು ಆಫ್ರಿಕಾದೋರು ಅಂತ ನಾವು ಚೀಟಿ ಎತ್ಬೇಕು." ಮುನಿರಾಮಪ್ಪನಿಗೆ ನಗು ಬಂದಿತ್ತು, ನಗಲಿಲ್ಲ. ಬೇಡವೆಂದ ಕಾರಣಗಳೆಲ್ಲ ಒಂದೊಂದಾಗಿ ಎದ್ದು ಹೋಗಿದ್ದವು. ಬಾಗಿಲಲ್ಲಿ ಆಡಿದ ಸುಳ್ಳು ಮಾತ್ರ ಅಲ್ಲೇ ಕೂತಿತ್ತು.

ಈ ಬೇಸಿಗೆಯಲ್ಲಿ ಇನ್ನೊಂದು ತೊಂದರೆ ಸೇರಿತು. ಮುನಿರಾಮಪ್ಪನ ಕಣ್ಣಿಗೆ ಪೊರೆ ಬರುತ್ತಿತ್ತು.

ಹುಳ ಸಾಕುವವನಿಗೆ ಕಣ್ಣು ಬೇಕಾದದ್ದು ಕೊನೆಯ ದಿನ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಏಳೆಂಟು ದಿನ ಗಬಗಬ ಸೊಪ್ಪು ತಿನ್ನುತ್ತದೆ. ಪೊರೆ ಕಳಚುವುದಕ್ಕೆ ಅವರು ಜ್ವರ ಎನ್ನುತ್ತಾರೆ. ಆಮೇಲೆ ತಿನ್ನುವುದು ಬಿಟ್ಟು, ತಲೆ ಎತ್ತಿ ಆಡಿಸುತ್ತಾ, ಮೈಯೆಲ್ಲ ತಿಳಿ ಹಳದಿಯಾಗಿ ಹಣ್ಣಾಗುತ್ತದೆ. ಬೆಳಕಿಗೆ ಹಿಡಿದರೆ ಒಳಗಿನ ರೇಷ್ಮೆ ಜೇನಿನ ಹಾಗೆ ಕಾಣುತ್ತದೆ. ಹಣ್ಣು ಹುಳವನ್ನು ಒಂದೊಂದಾಗಿ ಆರಿಸಿ, ಸುತ್ತುಸುತ್ತಾಗಿ ಬಿದಿರು ದಬ್ಬೆ ಹೆಣೆದ ಚಂದ್ರಿಕೆಗಳ ಮೇಲೆ ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತದೆ. ಹಸಿ ಹುಳವನ್ನು ಬಿಟ್ಟರೆ ಅಲೆದಾಡಿ ಹೊಲಸು ಮಾಡಿ ತೆಳ್ಳನೆಯ ಜೊಳ್ಳು ಗೂಡು ಕಟ್ಟುತ್ತದೆ. ಹಣ್ಣಾದದ್ದನ್ನು ಆರಿಸದೆ ಬಿಟ್ಟರೆ ಸೊಪ್ಪಿನ ಕಡ್ಡಿಯಲ್ಲೇ ಸುತ್ತಿಕೊಳ್ಳುತ್ತದೆ. ಶ್ರೀವಾಣಿಗೆ ಎಂಟು ವರ್ಷಕ್ಕೇ ಈ ಕಣ್ಣು ಬಂದಿತ್ತು. ಬೆಳಕಿಗೆ ಕೂಡ ಹಿಡಿಯುತ್ತಿರಲಿಲ್ಲ, ಬೆರಳಿಗೆ ತಾಗಿದರೆ ಹೇಳುತ್ತಿದ್ದಳು.

ಹಿಂದಿನ ಬೆಳೆಯಲ್ಲಿ ಮುನಿರಾಮಪ್ಪ ಹಸಿ ಹುಳವನ್ನೆಲ್ಲ ಹಣ್ಣೆಂದು ಬಿಟ್ಟಿದ್ದ. ಗೂಡು ಜೊಳ್ಳಾಯಿತು. ಹವಾ ಸರಿಯಿಲ್ಲ ಎಂದು ಎಲ್ಲರಿಗೂ ಹೇಳಿದ. ಮುತ್ಯಾಲಮ್ಮ ಏನೂ ಹೇಳದೆ ಚಂದ್ರಿಕೆಗಳನ್ನು ತೊಳೆದಳು.

ಈ ಸಲ ಸೆಕೆಗೆ ಹುಳ ಒಂದು ದಿನ ಮೊದಲೇ ಹಣ್ಣಾಯಿತು. ಅದು ಎರಡನೇ ಶನಿವಾರ. ಬೆಳಿಗ್ಗೆ ಆರಕ್ಕೆ ಸೊಪ್ಪು ಹಾಕಲು ಹೋದ ಮುತ್ಯಾಲಮ್ಮನಿಗೆ ಹುಳ ತಿನ್ನುವ ಸದ್ದೇ ಕೇಳಲಿಲ್ಲ. ದಿನವೂ ಮಳೆ ಬಂದ ಹಾಗೆ ಸರಸರ ಎನ್ನುತ್ತಿದ್ದ ಮನೆ ಮೌನವಾಗಿತ್ತು. ಅಟ್ಟಣೆ ಅಟ್ಟಣೆಯೂ ತಲೆ ಎತ್ತಿ ಆಡುತ್ತಿತ್ತು. ಹುಳ ಆರಿಸಲು ಬರುತ್ತಿದ್ದ ಚಿಕ್ಕಗಂಗಮ್ಮನೂ ಅವಳ ಜೊತೆಯ ಹೆಂಗಸರೂ ಮಹಿಳಾ ಸಂಘದವರ ಜೊತೆ ವ್ಯಾನು ಮಾಡಿಕೊಂಡು ಕುರುಡುಮಲೆ ಗಣಪತಿಗೆ ಹೋಗಿದ್ದರು. ಬರುವುದು ಸಂಜೆಗೆ. ಸಂಜೆಯ ತನಕ ಹುಳ ಕಾಯುವುದಿಲ್ಲ.

ಮುತ್ಯಾಲಮ್ಮ ಫೋನು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಳು. ಮುನಿರಾಮಪ್ಪ ಒಂದು ಹುಳವನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಹತ್ತಿರ ತಂದು, ದೂರ ಹಿಡಿದು ನೋಡುತ್ತಿದ್ದ.

"ಏನಯ್ಯಾ, ಹಣ್ಣಾ ಹಸೀನಾ?"

ಅವನು ಹುಳವನ್ನು ಇನ್ನೊಂದು ಕಣ್ಣಿನ ಮುಂದೆ ಹಿಡಿದ.

"ಹೋದ ಸಲವೂ ನಿಂಗೆ ಕಾಣಿಸ್ಲಿಲ್ಲ. ನಂಗೊತ್ತಿಲ್ಲ ಅಂದ್ಕೊಂಡಿದೀಯಾ? ಅವಳಿಗೆ ಫೋನ್ ಮಾಡ್ತೀನಿ. ಅವಳೊಬ್ಳೇ ಬರಲ್ಲ. ಇಬ್ರೂ ಬರ್ತಾರೆ. ಇವತ್ತು ಅವನಿಗೂ ಇಸ್ಕೂಲು ರಜ."

ಮುನಿರಾಮಪ್ಪ ಹುಳವನ್ನು ಹುಷಾರಾಗಿ ಅಟ್ಟಣೆಗೆ ಬಿಟ್ಟ. ಟವೆಲಿನಲ್ಲಿ ಕೈ ಒರೆಸಿಕೊಂಡ. ಒರೆಸಿಕೊಂಡದ್ದೇ ಒರೆಸಿಕೊಂಡದ್ದು.

"ಹೇಳು," ಎಂದ.

"ನಾನು ಹೇಳಿದ್ರೆ ಬರಲ್ಲ. ನೀನು ಕರೀಬೇಕಂತೆ." ಫೋನು ಆಗಲೇ ರಿಂಗಾಗುತ್ತಿತ್ತು. ಸ್ಪೀಕರ್ ಹಾಕಿ ಅವನ ಮೂತಿಗೆ ಹಿಡಿದಳು.

"ಏನಮ್ಮ, ಇಷ್ಟು ಬೆಳಿಗ್ಗೆ?" ಎಂದಿತು ಮಗಳ ದನಿ.

ಮೂರು ವರ್ಷದಿಂದ ಮೂರು ಸಾಲು ಆಚೆಯಿಂದ ಕೇಳಿದ ದನಿ. ಮುನಿರಾಮಪ್ಪ ಫೋನಿನ ಕಡೆ ಬಗ್ಗಿದ. "ನಾನು ಕಣಮ್ಮ," ಎಂದ. ಆ ಕಡೆ ಸದ್ದಿಲ್ಲ. "ಹುಳ ಹಣ್ಣಾಗೈತೆ. ಆರ್ಸೋರು ಯಾರೂ ಇಲ್ಲ. ನಂಗೆ ಕಣ್ಣು ಕಾಣಲ್ಲ." ಹೆಂಡತಿಯ ಕಡೆ ನೋಡಿದ. "ಇಬ್ರೂ ಬನ್ನಿ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ."

ಫೋನು ಕಟ್ಟಾಯಿತು. ಬರುತ್ತೇನೆ ಎಂದೂ ಇಲ್ಲ, ಬರುವುದಿಲ್ಲ ಎಂದೂ ಇಲ್ಲ. ಗಂಡ ಹೆಂಡತಿ ಇಬ್ಬರೂ ಕೈಗೆ ಸಿಕ್ಕಷ್ಟನ್ನು ಆರಿಸುತ್ತಾ, ಬೀದಿಯ ಕಡೆ ಒಂದು ಕಿವಿ ಇಟ್ಟುಕೊಂಡು ಇದ್ದರು. ಒಂಬತ್ತೂವರೆಗೆ ಒಂದು ಬೈಕು ಬಂದು ನಿಂತಿತು.

ಮೊದಲು ಶ್ರೀವಾಣಿ ಇಳಿದಳು. ಹಳೇ ಚೂಡಿದಾರ, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. "ರಾವೇ ತಲ್ಲೀ," ಎನ್ನುತ್ತಾ ಮುತ್ಯಾಲಮ್ಮ ಓಡಿಹೋಗಿ, ಹುಳ ಮುಟ್ಟಿದ ಕೈ ಎಂದು ನೆನಪಾಗಿ, ಮಗಳ ಮುಖ ಸವರಲು ಎತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತಳು. ಶ್ರೀವಾಣಿಯೇ ಆ ಕೈಗಳ ನಡುವೆ ಮುಖ ಇಟ್ಟಳು. ಅಪ್ಪನ ಕಡೆ ಅವಳು ಒಂದು ಸಲ ನೋಡಿ, ತಟ್ಟೆಯ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದು, ಸೀದಾ ಒಳಗೆ ಹೋದಳು. ಯಾವ ಅಟ್ಟಣೆಯಿಂದ ಶುರು ಮಾಡಬೇಕು ಎಂದು ಯಾರನ್ನೂ ಕೇಳಲಿಲ್ಲ.

ಬರಾಕಾ ಬೈಕನ್ನು ಬೇವಿನ ಮರದ ನೆರಳಿಗೆ ನಿಲ್ಲಿಸಿ ಚಪ್ಪಡಿಯ ತನಕ ಬಂದು ನಿಂತ. ಮಾಸಿದ ಟೀ ಶರ್ಟು, ಮೊಣಕಾಲಿನ ತನಕ ಮಡಿಸಿದ ಪ್ಯಾಂಟು. ಹೋದ ಸಲ ಬೂಟಿನ ದಾರ ಬಿಚ್ಚಿದ ಜಾಗವೇ ಅದು. ಅಲ್ಲಿಂದ ಮುಂದೆ ಹೆಜ್ಜೆ ಇಡಲಿಲ್ಲ.

"ನಮಸ್ಕಾರ ಮಾವ," ಎಂದ. ಕನ್ನಡ ತಡೆದು ತಡೆದು ಬರುತ್ತಿತ್ತು. "ನಾನು ಹೊರಗೆ ಕೆಲಸ ಮಾಡ್ತೀನಿ. ಹುಳ ಹೊರಗೆ ಕೊಡಿ, ನಾನು ಅದರ ಮೇಲೆ ಬಿಡ್ತೀನಿ." ಬೆರಳು ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳ ಕಡೆ ತೋರಿಸಿತು. ಅವಸರವಾಗಿ ಸೇರಿಸಿದ. "ಸ್ನಾನ ಮಾಡಿ ಬಂದೆ. ಸೋಪು ಇಲ್ಲ. ಸೆಂಟು ಇಲ್ಲ. ಬರೀ ನೀರು."

ಮುನಿರಾಮಪ್ಪನಿಗೆ ಆಗ ತಿಳಿಯಿತು. ಇವನು ನಂಬಿದ್ದ. ಮೂರು ವರ್ಷ, ಆವತ್ತಿನ ಮಾತನ್ನು ಹುಳದ ಮಾತೆಂದೇ ನಂಬಿದ್ದ. ಮಗಳು ಇವನಿಗೆ ಹೇಳಿಯೇ ಇಲ್ಲ, ಊರಿಗೆ ಬಾರದ್ದಕ್ಕೂ ಹುಳದ ನೆಪವನ್ನೇ ಹೇಳಿಕೊಂಡು ಬಂದಿರಬೇಕು. ಒಳಗೆ ನೋಡಿದ. ಶ್ರೀವಾಣಿ ಅಟ್ಟಣೆಯ ಮೇಲಿಂದ ಕೈ ತೆಗೆಯದೆ ಇತ್ತಲೇ ನೋಡುತ್ತಿದ್ದಳು.

"ಒಳಗೆ ಬಾಪ್ಪ," ಎಂದ ಮುನಿರಾಮಪ್ಪ. ಬಾಗಿಲಿನಿಂದ ಪಕ್ಕಕ್ಕೆ ಸರಿದು ಇನ್ನೊಂದು ಸಲ ಹೇಳಿದ. "ಕಾಲು ಅದ್ದಿ ಒಳಗೆ ಬಾ. ತಲೆ ಬಗ್ಗಿಸ್ಕೋ, ಚೌಕಟ್ಟು ಗಿಡ್ಡ."

ಬರಾಕಾ ಎರಡೂ ಕಾಲನ್ನು ತಟ್ಟೆಯಲ್ಲಿಟ್ಟು, ದೇವಸ್ಥಾನದ ಮುಂದೆ ನಿಂತವನಂತೆ ಸ್ವಲ್ಪ ಹೊತ್ತು ನಿಂತ. ಆಮೇಲೆ ತಲೆ ಬಗ್ಗಿಸಿ ಹೊಸಲು ದಾಟಿದ.

ಆ ದಿನ ಮಾತಿಗೆ ಬಿಡುವಿರಲಿಲ್ಲ. ಶ್ರೀವಾಣಿ ಗಂಡನ ಅಂಗೈ ಮೇಲೆ ಎರಡು ಹುಳ ಇಟ್ಟು, ಇದು ಹಸಿ, ಇದು ಹಣ್ಣು ಎಂದು ಒಂದೇ ಸಲ ತೋರಿಸಿದಳು. ಅವನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ಕಾಫಿ," ಎಂದ.

"ಏನಂದ?" ಎಂದಳು ಮುತ್ಯಾಲಮ್ಮ. "ಕಾಫಿ ಬೇಕಂತಾ? ಇಡ್ಲಾ?"

ಶ್ರೀವಾಣಿ ನಕ್ಕುಬಿಟ್ಟಳು. ಆ ಮನೆಯಲ್ಲಿ ಮೂರು ವರ್ಷದಿಂದ ಇಲ್ಲದ ನಗು. "ಅಯ್ಯೋ ಅದಲ್ಲಮ್ಮ. ಅವರಮ್ಮಂದು ಬೆಟ್ಟದ ಮೇಲೆ ಕಾಫಿ ತೋಟ."

"ಹೌದು ಅತ್ತೆ. ಕಾಫಿ ಹಣ್ಣು ಕೂಡ ಹೀಗೇ. ಕೆಂಪು ಮಾತ್ರ ಕೀಳಬೇಕು, ಒಂದು ಒಂದು. ಹಸಿರು ಕಿತ್ತರೆ ಅಮ್ಮ ಕೈಗೆ ಹೊಡೀತಾಳೆ." ಹೊಡೆಯುವುದನ್ನು ತನ್ನ ಕೈಗೇ ಹೊಡೆದುಕೊಂಡು ತೋರಿಸಿದ.

"ಇಲ್ಲಿ ನಿನ್ನ ಹೆಂಡ್ತಿ ಹೊಡೀತಾಳೆ, ಹುಷಾರು," ಎಂದಳು ಮುತ್ಯಾಲಮ್ಮ.

ಮಧ್ಯಾಹ್ನದ ಹೊತ್ತಿಗೆ ಅವನ ಉದ್ದ ಬೆರಳುಗಳು ತಪ್ಪು ಮಾಡುವುದನ್ನು ಬಿಟ್ಟಿದ್ದವು. ಬಾಗಿಲ ಹತ್ತಿರದ ಅಟ್ಟಣೆಯ ಹುಳವನ್ನೆಲ್ಲ ಅವನೊಬ್ಬನೇ ಆರಿಸಿ ಎರಡು ಚಂದ್ರಿಕೆ ತುಂಬಿದ. ಮುನಿರಾಮಪ್ಪ ಅವನ ಪಕ್ಕದಲ್ಲೇ, ಆರಿಸಿದ ಹುಳ ಹಾಕಲು ಒಂದು ತಟ್ಟೆ ಹಿಡಿದು ನಿಂತಿದ್ದ. ಕಣ್ಣು ಕಾಣದವನಿಗೆ ಅಷ್ಟೇ ಕೆಲಸ. ಒಂದು ಹುಳ ಜಾರಿ ನೆಲಕ್ಕೆ ಬಿದ್ದಾಗ ಅಳಿಯ ಮೊಣಕಾಲೂರಿ, ಎರಡು ಬೆರಳಲ್ಲಿ ನೋವಾಗದ ಹಾಗೆ ಎತ್ತಿದ್ದನ್ನು ಅಷ್ಟು ಹತ್ತಿರದಿಂದ ಅವನು ಕಂಡ. ಊಟಕ್ಕೆ ಅಡುಗೆಮನೆಯಲ್ಲೇ ಕೂತರು. ಬಿಸಿ ಮುದ್ದೆ, ಹುರುಳಿಕಾಯಿ ಹುಳಿ. ಬರಾಕಾ ಎರಡನೇ ಮುದ್ದೆ ಹಾಕಿಸಿಕೊಂಡ. ಮುತ್ಯಾಲಮ್ಮ ಗಂಡನ ಕಡೆ ನೋಡಿ, ನೋಡಿದೆಯಾ ಎನ್ನುವ ಹಾಗೆ ಹುಬ್ಬು ಎತ್ತಿದಳು.

ನಾಲ್ಕೂವರೆಗೆ ಕೊನೆಯ ಚಂದ್ರಿಕೆಯೂ ತುಂಬಿತು. ಎಲ್ಲವನ್ನೂ ಮನೆಯ ಬಲಗಡೆಯ ಚಪ್ಪರದ ಕೆಳಗೆ ಸಾಲಾಗಿ ಒರಗಿಸಿದರು. ಆಗಲೇ ಕೆಲವು ಹುಳ ತಲೆಯನ್ನು ಅತ್ತಿತ್ತ ತೂಗುತ್ತಾ ಮೊದಲ ಎಳೆ ಎಳೆಯುತ್ತಿದ್ದವು. ತಾಯಿ ಮಗಳು ಹಿತ್ತಿಲಲ್ಲಿ ಪಾತ್ರೆ ಬೆಳಗಲು ಹೋದರು. ಮಾವ ಅಳಿಯ ಜಗಲಿಯ ಮೇಲೆ ಉಳಿದರು.

ಬರಾಕಾ ಬಹಳ ಹೊತ್ತು ಚಂದ್ರಿಕೆಗಳನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ. "ಮಾವ, ಆವತ್ತು ನಾನು ಬೂಟು ಹಾಕಿದ್ದೆ. ಸೆಂಟು ಕೂಡ ಹಾಕಿದ್ದೆ, ಜಾಸ್ತಿ. ನಾನು ಒಳಗೆ ಬಂದಿದ್ದರೆ ಎಲ್ಲ ಹುಳ ಸಾಯ್ತಿತ್ತು, ಅಲ್ಲವಾ?"

ಅದರಲ್ಲಿ ಕೊಂಕಿರಲಿಲ್ಲ. ಮುನಿರಾಮಪ್ಪ ಹುಡುಕಿದ, ಸಿಗಲಿಲ್ಲ. ಹೌದಪ್ಪ ಎಂದರೆ ಮುಗಿದುಹೋಗುತ್ತಿತ್ತು. ಅಳಿಯ ನಂಬುತ್ತಿದ್ದ, ನಂಬಿಕೊಂಡೇ ಬಂದಿದ್ದವನು. ಮಗಳೂ ಇನ್ನು ಬಂದು ಹೋಗುತ್ತಿದ್ದಳು. ಬರುವಾಗಲೆಲ್ಲ ಈ ಹೊಸಲು ದಾಟುವ ಮುಂಚೆ ಒಂದು ಸಲ ಅಪ್ಪನ ಮುಖ ನೋಡುತ್ತಿದ್ದಳು, ಇವತ್ತು ನೋಡಿದ ಹಾಗೆ.

"ಆವತ್ತು ಹುಳ ಇರ್ಲಿಲ್ಲ ಕಣಪ್ಪ," ಎಂದ.

ಬರಾಕಾನಿಗೆ ಅರ್ಥವಾಗಲಿಲ್ಲ. "ಇರಲಿಲ್ಲ?"

"ಒಂದೂ ಇರ್ಲಿಲ್ಲ. ಮನೆ ಖಾಲಿ ಇತ್ತು. ನಿನ್ನ ಒಳಗೆ ಬಿಡಬಾರದು ಅಂತ ಸುಳ್ಳು ಹೇಳ್ದೆ. ನೀನು ಬೇರೆಯೋನು ಅಂತ. ನಿನ್ನ ಬಣ್ಣ ನೋಡಿ ಊರು ನಗ್ತದೆ ಅಂತ." ಒಂದೇ ಉಸಿರಿಗೆ ಅಷ್ಟು ಹೇಳಿ ಟವೆಲನ್ನು ಮುಖಕ್ಕೆ ಒತ್ತಿಕೊಂಡ. "ಅವಳಿಗೆ ಆವತ್ತೇ ಗೊತ್ತಿತ್ತು. ನಿಂಗೆ ಯಾಕೆ ಹೇಳ್ಲಿಲ್ವೋ ನಂಗೆ ಗೊತ್ತಿಲ್ಲ."

ಹಿತ್ತಿಲಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಶ್ರೀವಾಣಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ಚೌಕಟ್ಟಿಗೆ ಒರಗಿ ನಿಂತಿದ್ದಳು.

ಬರಾಕಾ ತನ್ನ ಅಂಗೈ ನೋಡಿಕೊಂಡ. ಹುಳದ ಸೂಕ್ಷ್ಮ ಎಳೆಗಳು ಬೆರಳಿಗೆ ಇನ್ನೂ ಅಂಟಿಕೊಂಡಿದ್ದವು. ಬಹಳ ಮೆಲ್ಲಗೆ ಹೇಳಿದ. "ನಾನು ನನ್ನ ಅಮ್ಮನಿಗೆ ಫೋನು ಮಾಡಿ ಹೇಳಿದ್ದೆ. ಶ್ರೀವಾಣಿಯ ಅಪ್ಪ ತುಂಬ ಒಳ್ಳೆ ರೈತ, ಹುಳಕ್ಕೆ ತೊಂದರೆ ಆಗಬಾರದು ಅಂತ ಅಳಿಯನನ್ನೂ ಒಳಗೆ ಬಿಡಲಿಲ್ಲ ಅಂತ. ಅಮ್ಮನಿಗೆ ಖುಷಿಯಾಯ್ತು. ಎಲ್ಲರಿಗೂ ಹೇಳ್ತಾಳೆ, ನನ್ನ ಬೀಗರು ಹಾಗೆ ಅಂತ." ತಲೆ ಎತ್ತಿದ. "ಈಗ ಅವಳಿಗೆ ಏನು ಹೇಳಲಿ ಮಾವ?"

ಮುನಿರಾಮಪ್ಪ ಟವೆಲನ್ನು ಮಡಿಸಿದ, ಮತ್ತೆ ಬಿಚ್ಚಿದ.

ಅಷ್ಟರಲ್ಲಿ ವ್ಯಾನು ಬಂದು, ಚಿಕ್ಕಗಂಗಮ್ಮ ಹಣೆತುಂಬ ಕುಂಕುಮ ಇಟ್ಟುಕೊಂಡು ಕಡಲೆಕಾಳಿನ ಪ್ರಸಾದ ಹಿಡಿದು ಬಂದಳು. "ಅಯ್ಯಯ್ಯೋ, ಅಳಿಯಂದ್ರು ಬಂದವ್ರೆ! ಹುಳ ಎಲ್ಲ ಬಿಟ್ಟಾಯ್ತಾ? ನಮ್ಮ ಕೂಲಿಗೆ ಕಲ್ಲು ಹಾಕ್ಬಿಟ್ಯಲ್ಲಪ್ಪಾ," ಎಂದು ಬರಾಕಾನ ಕೈಗೆ ಪ್ರಸಾದ ಸುರಿದಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ನಕ್ಕ. ಮಾವನ ಕಡೆ ತಿರುಗಲಿಲ್ಲ.

ದೀಪ ಹಚ್ಚುವ ಮುಂಚೆ ಅವರು ಹೊರಟರು. ಬೈಕು ಹತ್ತುವ ಮುಂಚೆ ಶ್ರೀವಾಣಿ ಅಪ್ಪನ ಬಳಿ ಬಂದಳು. ಮೂರು ವರ್ಷದ ಮೇಲೆ ಮೊದಲ ಸಲ ಅವನ ಅಂಗಿಯ ತೋಳು ಹಿಡಿದಳು, ಚಿಕ್ಕವಳಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದ ಹಾಗೆ.

"ನಾನು ಯಾಕೆ ಹೇಳ್ಲಿಲ್ಲ ಗೊತ್ತಾ ಅಪ್ಪಾ? ನೀನು ಅಂಥೋನು ಅಂತ ಅವನಿಗೆ ಗೊತ್ತಾಗೋದು ನಂಗೆ ಇಷ್ಟ ಇರ್ಲಿಲ್ಲ."

"ಗೂಡು ಬಿಡಿಸೋಕೆ ಬ..." ಎಂದು ಶುರುಮಾಡಿದವನು ಅಲ್ಲೇ ನಿಲ್ಲಿಸಿದ.

"ನಂಗೊತ್ತಿಲ್ಲ. ಅವನು ಏನಂತಾನೋ. ಅವನು ಕೂಗಾಡೋನಲ್ಲ, ಒಳಗೇ ಇಟ್ಕೊಳ್ತಾನೆ. ನೋಡ್ತೀನಿ." ತೋಳು ಬಿಟ್ಟಳು. "ಕಣ್ಣು ತೋರಿಸ್ಕೋ ಮೊದ್ಲು."

ಆರನೇ ದಿನ, ಗುರುವಾರ, ಗೂಡು ಬಿಡಿಸಿದರು. ಚಿಕ್ಕಗಂಗಮ್ಮ, ಅವಳ ಜೊತೆಯ ಹೆಂಗಸರು, ಮುತ್ಯಾಲಮ್ಮ. ಗಟ್ಟಿ ಗೂಡು, ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಕೋಶ ಗಲಗಲ ಎನ್ನುತ್ತಿತ್ತು. ಚಪ್ಪರದ ಕೊನೆಯಲ್ಲಿದ್ದ ಎರಡು ಚಂದ್ರಿಕೆಗಳಿಗೆ ಚಿಕ್ಕಗಂಗಮ್ಮ ಕೈ ಹಾಕಿದಾಗ ಮುನಿರಾಮಪ್ಪ ತಡೆದ.

"ಅವೆರಡು ಇರ್ಲಿ."

"ಯಾಕಣ್ಣ? ಇಷ್ಟು ಚೆನ್ನಾಗಿ ಕಟ್ಟವೆ. ನಾಳೆ ಮಾರ್ಕೆಟ್ಟಿಗೆ ಹೋಗಲ್ವಾ?"

"ಅವು ಅಳಿಯ ಬಿಟ್ಟಿದ್ದು. ಅವನೇ ಬಿಡಿಸ್ಲಿ."

"ಚಿಟ್ಟೆ ತೂತು ಮಾಡ್ಕೊಂಡು ಆಚೆ ಬಂದ್ರೆ?"

"ಹತ್ತು ದಿನ ತಡೀತದೆ."

ಮುತ್ಯಾಲಮ್ಮ ದಿನವೂ ಫೋನು ಮಾಡಿದಳು. ಈಗ ತೋಟಕ್ಕೆ ಹೋಗುವ ಅಗತ್ಯವಿರಲಿಲ್ಲ, ಜಗಲಿಯ ಮೇಲೆ ಗಂಡನ ಪಕ್ಕದಲ್ಲೇ ಕೂತು ಮಾಡಿದಳು. ಭಾನುವಾರ ಬರಬಹುದು ಎಂದಳು ಶ್ರೀವಾಣಿ. ಅವನನ್ನು ಕೇಳಿದ್ದೇನೆ. ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ, ಆ ಗೂಡು ಯಾವ ಬಣ್ಣ ಬಂತು ಎಂದು ಒಂದು ಸಲ ಕೇಳಿದನಂತೆ.

"ಹಳದಿ ಅಂತ ಹೇಳು," ಎಂದ ಮುನಿರಾಮಪ್ಪ. "ಒಳ್ಳೆ ಹಳದಿ ಅಂತ ಹೇಳು."

ಭಾನುವಾರ, ಒಂಬತ್ತನೇ ದಿನ. ಹುಳುಮನೆ ಖಾಲಿಯಾಗಿತ್ತು. ಶನಿವಾರವೇ ಮುನಿರಾಮಪ್ಪ ಅಟ್ಟಣೆಗಳನ್ನು ತೊಳೆದು ಒಣಗಿಸಿ, ಗೋಡೆಗೆ ಸುಣ್ಣ ಹೊಡೆದಿದ್ದ. ಬೆಳಿಗ್ಗೆ ಎದ್ದು ಹೊಸಲಿನ ಹೊರಗಿನ ತಟ್ಟೆಯನ್ನು ಎತ್ತಿ, ಉಳಿದ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ, ಉಜ್ಜಿ ತೊಳೆದು, ಹಿತ್ತಿಲ ಗೋಡೆಗೆ ಕವುಚಿ ಹಾಕಿದ. ಎರಡು ಚಂದ್ರಿಕೆಗಳನ್ನು ಹೊತ್ತು ತಂದು ಅಂಕಣದ ನಡುವೆ ನಿಲ್ಲಿಸಿದ. ಅವುಗಳ ಮುಂದೆ ಮದುವೆ ಮನೆಗೆಂದು ಎತ್ತಿಟ್ಟಿದ್ದ ಹೊಸ ಚಾಪೆ ಹಾಸಿದ. ಮುಂಬಾಗಿಲಿನ ಎರಡೂ ಕದಗಳನ್ನು ಗೋಡೆಗೆ ತಾಗುವ ತನಕ ತೆರೆದು, ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಒಂದೊಂದು ಕಲ್ಲು ಇಟ್ಟ.

"ಹಂಡೆ ತುಂಬ ನೀರು ಕಾಯ್ಸಿದೀನಿ," ಎಂದಳು ಮುತ್ಯಾಲಮ್ಮ ಒಳಗಿನಿಂದ. "ಮುದ್ದೆಗೆ ಎಸರು ಯಾವಾಗ ಇಡ್ಲಿ?"

"ಇನ್ನೂ ಹೊತ್ತಿದೆ ತಡಿ."

ಹತ್ತು ಗಂಟೆಯ ಬಸ್ಸು ಬಂದು ಹೋಯಿತು. ಅವರು ಬೈಕಿನಲ್ಲಿ ಬರುವವರು, ಬಸ್ಸಿನಲ್ಲಿ ಯಾಕೆ ಬರುತ್ತಾರೆ ಎಂದು ತನಗೇ ಹೇಳಿಕೊಂಡ. ಆದರೂ ಇಳಿದವರನ್ನೆಲ್ಲ ನೋಡಿದ. ಪೊರೆ ಬಂದ ಕಣ್ಣಿಗೆ ದೂರದವರೆಲ್ಲ ಒಂದೇ ಬಣ್ಣವಾಗಿ ಕಾಣುತ್ತಿದ್ದರು. ಎತ್ತರ ಒಂದೇ ಗುರುತು. ಯಾರೂ ಅಷ್ಟು ಎತ್ತರ ಇರಲಿಲ್ಲ. ಜಗಲಿಯ ಮೇಲೆ ಕೂತು, ಕಣ್ಣು ಮುಚ್ಚಿ, ಕೋಲಾರದ ಕಡೆಯ ದಾರಿಗೆ ಕಿವಿ ಕೊಟ್ಟ. ಹಾಲಿನ ವ್ಯಾನು ಹೋಯಿತು. ಒಂದು ಟ್ರ್ಯಾಕ್ಟರು ಹೋಯಿತು. ಹಿಂದೆ, ತೆರೆದ ಬಾಗಿಲಿನಿಂದ ಒಣಗಿದ ಸುಣ್ಣದ ವಾಸನೆ ಬರುತ್ತಿತ್ತು.

ಒಂದು ಬೈಕಿನ ಸದ್ದು ದೂರದಲ್ಲಿ ಕೇಳಿಸಿತು. ಯಾರ ಬೈಕೋ ಏನೋ. ಮುನಿರಾಮಪ್ಪ ಎದ್ದು ನಿಂತ.